ದೀಪ ಆರದಿದ್ದರೆ ಸೆಪ್ಟಿಕ್ ಟ್ಯಾಂಕ್‌ಗೆ ಇಳಿಯಬಹುದೇ?

"ಬಾವಿಗೋ ಸೆಪ್ಟಿಕ್ ಟ್ಯಾಂಕ್‌ಗೋ ಇಳಿಯುವ ಮೊದಲು ದೀಪ ಇಳಿಬಿಡಿ, ಆರದಿದ್ದರೆ ಧೈರ್ಯವಾಗಿ ಇಳಿಯಿರಿ." ಈ ಸಲಹೆ ಹಳೆಯದು, ಇಂದಿಗೂ ಅನೇಕರು ನಂಬುತ್ತಾರೆ. ಇದು ಅರ್ಧ ಮಾತ್ರ ನಿಜ.

ದೀಪ ಆರಿದರೆ ಒಳಗೆ ಆಮ್ಲಜನಕ ತೀರಾ ಕಡಿಮೆ ಎಂದು ಗೊತ್ತಾಗುತ್ತದೆ, ಸರಿ. ಆದರೆ ಆರದಿದ್ದರೆ ಏನೂ ಗೊತ್ತಾಗುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21% ಇರುತ್ತದೆ. 19.5%ಗಿಂತ ಕಡಿಮೆಯಾದರೆ ಆ ಜಾಗ ಕೆಲಸಕ್ಕೆ ಸುರಕ್ಷಿತವಲ್ಲ. ಮೇಣದಬತ್ತಿಯಾದರೋ 17%ರ ಹತ್ತಿರಕ್ಕೆ ಬರುವವರೆಗೂ ಉರಿಯುತ್ತಲೇ ಇರುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು ಸಾವಿರ ಭಾಗ ಇದ್ದರೂ ಸಾಕು, ಒಂದೆರಡು ಉಸಿರಿಗೆ ಮನುಷ್ಯ ಕುಸಿದು ಬೀಳುತ್ತಾನೆ. ಅಷ್ಟಕ್ಕೆಲ್ಲ ದೀಪ ಆರುವುದಿಲ್ಲ. ಮೂಗನ್ನೂ ನಂಬುವಂತಿಲ್ಲ: ನೂರು ಭಾಗ ದಾಟಿದರೆ ಕೆಲವೇ ನಿಮಿಷಗಳಲ್ಲಿ ವಾಸನೆ ತಿಳಿಯುವ ಶಕ್ತಿಯೇ ಸತ್ತುಹೋಗುತ್ತದೆ. "ಈಗ ವಾಸನೆ ಕಡಿಮೆಯಾಯಿತು" ಎಂದು ಅನಿಸುವ ಹೊತ್ತೇ ಅತಿ ಅಪಾಯದ ಹೊತ್ತಾಗಿರಬಹುದು. ಕೆಸರಿನಲ್ಲಿ ಸಿಕ್ಕಿಕೊಂಡ ಅನಿಲ ಕಲಕಿದಾಗ ಹೊರಬರುತ್ತದೆ. ಹಾಗಾಗಿ ಇಳಿಯುವಾಗ ಸರಿಯಿದ್ದ ಗಾಳಿ ಕೆಲಸ ಶುರುವಾದ ಮೇಲೆ ಕೆಡಬಹುದು. ಜೊತೆಗೆ ಮೀಥೇನ್ ಇದ್ದರೆ ಆ ದೀಪವೇ ಬೆಂಕಿ ಹೊತ್ತಿಸುತ್ತದೆ!

ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿದರೆ? ಪ್ರಯೋಜನವಿಲ್ಲ. ಎನ್95 ಮಾಸ್ಕ್ ಕೂಡ ಧೂಳನ್ನು ತಡೆಯುತ್ತದೆ, ಅನಿಲವನ್ನಲ್ಲ. ಇನ್ನೂ ಬಳಸದ ಹೊಸ ಸಂಪ್ ಕೂಡ ಸುರಕ್ಷಿತ ಎನ್ನುವಂತಿಲ್ಲ. ತಿಂಗಳುಗಟ್ಟಲೆ ಮುಚ್ಚಿಟ್ಟರೆ, ನಿಂತ ನೀರಲ್ಲಿ ಕೊಳೆಯುವ ಸೆಂಟ್ರಿಂಗ್ ಹಲಗೆಗಳೇ ಒಳಗಿನ ಆಮ್ಲಜನಕ ಕಡಿಮೆ ಮಾಡುತ್ತವೆ.

ಇಂಥ ಸುದ್ದಿಗಳಲ್ಲಿ ಒಬ್ಬರಲ್ಲ, ಇಬ್ಬರು ಮೂವರು ಸತ್ತಿರುವುದನ್ನು ನೀವು ಗಮನಿಸಿರಬಹುದು. ಮೊದಲು ಬಿದ್ದವರನ್ನು ಎತ್ತಲು ಅಣ್ಣನೋ ಜೊತೆಗಾರನೋ ಧುಮುಕುತ್ತಾನೆ. ಮುಚ್ಚಿದ ಜಾಗಗಳಲ್ಲಿ ಸತ್ತವರ ಪೈಕಿ 60%ಗಿಂತ ಹೆಚ್ಚು ಜನ ಕಾಪಾಡಲು ಹೋದವರೇ ಎಂದು ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಸಿತ್ತು.

ಹಾಗಾದರೆ ಸರಿಯಾದ ದಾರಿ ಯಾವುದು? ಮನುಷ್ಯರನ್ನು ಇಳಿಸದೆ ಸಕ್ಕಿಂಗ್ ಲಾರಿ ಕರೆಸುವುದು. ಹಣ ಸ್ವಲ್ಪ ಹೆಚ್ಚಾಗಬಹುದು, ಚೌಕಾಸಿ ಮಾಡುವ ಜಾಗ ಇದಲ್ಲ ಎಂಬುದು ನಮ್ಮ ಅಭಿಪ್ರಾಯ. ಸಂಪ್, ಬಾವಿಯಂಥ ಕಡೆ ಇಳಿಯಲೇಬೇಕಾದರೆ ಗ್ಯಾಸ್ ಮೀಟರ್‌ನಿಂದ ಪರೀಕ್ಷೆ, ಬ್ಲೋವರ್‌ನಿಂದ ಗಾಳಿ, ಮೈಗೆ ಸುರಕ್ಷತಾ ಹಾರ್ನೆಸ್ ಮತ್ತು ಹಗ್ಗ, ಮೇಲೆ ಕಣ್ಣಿಟ್ಟು ಎಳೆಯಬಲ್ಲವರು ಇರಬೇಕು.

ಸುರಕ್ಷತಾ ಸಾಧನಗಳಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿಗೆ ಜನರನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಬಾರಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮನೆ ಮಾಲೀಕರಿಗೂ ಇದು ಅನ್ವಯಿಸುತ್ತದೆ.

ಯಾರಾದರೂ ಒಳಗೆ ಬಿದ್ದರೆ ಇಳಿಯಬೇಡಿ. ಕೂಡಲೇ 112ಕ್ಕೆ ಕರೆ ಮಾಡಿ, "ಟ್ಯಾಂಕ್ ಒಳಗೆ ಗ್ಯಾಸ್ ಇದೆ" ಎಂದು ಮೊದಲೇ ಹೇಳಿ. ಆಗ ಅಗ್ನಿಶಾಮಕ ಸಿಬ್ಬಂದಿ ಉಸಿರಾಟದ ಸಿಲಿಂಡರ್ ತರಲು ಅನುಕೂಲವಾಗುತ್ತದೆ.