ಗ್ಯಾಲರಿಯ ಸಿಟ್ಟು ಮನೆಯ ಹೊಸ್ತಿಲಿಗೆ

ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳಲ್ಲಿ ಚಾಮರಾಜನಗರದವರೂ ಇರುತ್ತಾರೆ. ತಲೆ ಬೋಳಿಸಿಕೊಂಡು, ಬೆರಳಿಗೆ ಮೊನಚಾದ ಆಯುಧ ತೊಟ್ಟು ಎದುರಾಳಿಯ ನೆತ್ತಿಗೆ ಗುದ್ದುತ್ತಾರೆ. ರಕ್ತದ ಮೊದಲ ಹನಿ ಕಂಡ ಕೂಡಲೇ ಹಿರಿಯರು ನಡುವೆ ನುಗ್ಗಿ ಬಿಡಿಸುತ್ತಾರೆ. ಗಂಡಸುತನದ ಪ್ರದರ್ಶನಕ್ಕೆ ಅಲ್ಲೊಂದು ಕಟ್ಟುಪಾಡಿದೆ. ಸುತ್ತ ನಿಂತು ನೋಡುವವರ ಸಿಟ್ಟಿಗೆ ಕಟ್ಟುಪಾಡು ಯಾವುದು? ಸಮಾಜಶಾಸ್ತ್ರ ಈ ಪ್ರಶ್ನೆಯ ಬೆನ್ನುಹತ್ತಿ ಅರ್ಧ ಶತಮಾನ ದಾಟಿದೆ.

ಶುರುವಾದದ್ದು ಇಂಗ್ಲೆಂಡಿನ ಫುಟ್ಬಾಲ್ ಗಲಾಟೆಗಳಿಂದ. ಕ್ಲಬ್‌ಗಳು ಉಳ್ಳವರ ಪಾಲಾದಾಗ ಕಾರ್ಮಿಕರ ಮಕ್ಕಳು ತೋರಿದ ಪ್ರತಿಭಟನೆಯಿದು ಎಂದು 1971ರಲ್ಲಿ ಇಯಾನ್ ಟೇಲರ್ ವಾದಿಸಿದರು. 1978ರಲ್ಲಿ ಪೀಟರ್ ಮಾರ್ಷ್ ಮತ್ತು ಸಂಗಡಿಗರು ಬೇರೆಯೇ ಚಿತ್ರ ಕೊಟ್ಟರು. ಆಕ್ಸ್‌ಫರ್ಡ್ ತಂಡದ ಅಭಿಮಾನಿಗಳ ನಡುವೆ ನಿಂತು ನೋಡಿದ ಮಾರ್ಷ್‌ಗೆ ಕಂಡದ್ದು ಬರೀ ಗದ್ದಲವಲ್ಲ: ಕೂಗು ಎತ್ತಿಕೊಡುವವನೊಬ್ಬ, ಮುನ್ನುಗ್ಗುವವನೊಬ್ಬ, ಎಲ್ಲಿ ಹಿಂದೆ ಸರಿಯಬೇಕೆಂಬ ಅರಿವು ಎಲ್ಲರಿಗೂ. ಅಬ್ಬರ ಬಹಳ, ಏಟು ಕಡಿಮೆ.

ಚಾಮರಾಜನಗರದ ಕಡೆಯವರಿಗೆ ಇದು ಹೊಸದಲ್ಲ. ಗಡಿಯಾಚೆ, ತಮಿಳುನಾಡಿನ ತಾಳವಾಡಿ ಸೀಮೆಯ ಕನ್ನಡದ ಊರು ಗುಮಟಾಪುರದಲ್ಲಿ ದೀಪಾವಳಿಯ ಮರುದಿನಗಳಲ್ಲಿ ನಡೆಯುವ ಗೊರೆ ಹಬ್ಬದಲ್ಲಿ ಗಂಡಸರು ಸಗಣಿ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಅದಕ್ಕೂ ದಿನವುಂಟು, ಜಾಗವುಂಟು.

ಆದರೆ 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ 39 ಮಂದಿ ಸತ್ತ ಮೇಲೆ ಎಲ್ಲವನ್ನೂ ಆಚರಣೆಯೆಂದು ಬಿಡುವಂತಿರಲಿಲ್ಲ. ಲೆಸ್ಟರ್ ವಿಶ್ವವಿದ್ಯಾಲಯದ ಎರಿಕ್ ಡನ್ನಿಂಗ್ ಬಳಗ 1988ರ ಕೃತಿಯಲ್ಲಿ ಗಂಡಸುತನವನ್ನೇ ಚರ್ಚೆಯ ನಡುವಿಗೆ ತಂದಿತು: ಹೊಡೆದಾಡಿ ತೋರಿಸಿದರಷ್ಟೇ ಗಂಡಸೆಂಬ ಮರ್ಯಾದೆ ಸಿಗುವ ಬೀದಿಯಲ್ಲಿ ಬೆಳೆದವನಿಗೆ ಪಂದ್ಯ ಬರೀ ನೆಪ. ಒಂದೇ ವರ್ಗದ ತಲೆಗೆ ತಪ್ಪು ಕಟ್ಟಿದ್ದು ಈ ವಾದದ ದೌರ್ಬಲ್ಯ. ಪೊಲೀಸರು ನಡೆದುಕೊಳ್ಳುವ ರೀತಿಯೂ ಗುಂಪನ್ನು ಕೆರಳಿಸುತ್ತದೆ ಎಂಬುದನ್ನು ಮುಂದೆ ಕ್ಲಿಫರ್ಡ್ ಸ್ಟಾಟ್ ತೋರಿಸಿಕೊಟ್ಟರು.

ಮನಶ್ಶಾಸ್ತ್ರ ಇನ್ನೊಂದು ದಾರಿ ಹಿಡಿಯಿತು. ತಮ್ಮ ತಂಡ ಗೆದ್ದರೆ ವಿದ್ಯಾರ್ಥಿಗಳು 'ನಾವು ಗೆದ್ದೆವು' ಎನ್ನುತ್ತಾರೆ, ಸೋತರೆ 'ಅವರು ಸೋತರು' ಎನ್ನುತ್ತಾರೆ ಎಂದು ಅಮೆರಿಕದ ರಾಬರ್ಟ್ ಚಿಯಾಲ್ಡೀನಿ 1976ರಲ್ಲಿ ಗುರುತಿಸಿದರು. ತಂಡದೊಂದಿಗೆ ಗಾಢವಾಗಿ ಬೆರೆತವರು ಹಾಗೆ ಕಳಚಿಕೊಳ್ಳಲಾರರು ಎಂದು ಡೇನಿಯಲ್ ವಾನ್ 1990ರ ದಶಕದಲ್ಲಿ ಸೇರಿಸಿದರು. 2009, 2011, 2016ರ ಫೈನಲ್‌ಗಳಲ್ಲಿ ಸೋತರೂ 'ಈ ಸಲ ಕಪ್ ನಮ್ದೇ' ಬಿಡದ ಆರ್‌ಸಿಬಿ ಅಭಿಮಾನಿಗೆ ಎರಡನೆಯ ಮಾತೇ ಒಪ್ಪುತ್ತದೆ. ಅದೇ ನಿಷ್ಠೆ ಹುಳಿಯುವುದೂ ಉಂಟು. 2023ರ ಮೇ ತಿಂಗಳಲ್ಲಿ ಶುಭಮನ್ ಗಿಲ್ ಶತಕ ಬಾರಿಸಿ ಆರ್‌ಸಿಬಿಯನ್ನು ಹೊರದಬ್ಬಿದಾಗ ಸಾಮಾಜಿಕ ಜಾಲತಾಣದಲ್ಲಿ ಬೈಗುಳ ತಿಂದದ್ದು ಅವರ ಸಹೋದರಿ. ಆಡಿದವನ ಮೇಲಿನ ಸಿಟ್ಟನ್ನು ಮನೆಯ ಹೆಣ್ಣಿನ ಮೇಲೆ ತೀರಿಸಿಕೊಳ್ಳುವ ಈ ಚಾಳಿ ಗಂಡಸುತನದ ಅಧ್ಯಯನಕ್ಕೆ ಯಾವ ಗ್ಯಾಲರಿಗಿಂತಲೂ ದೊಡ್ಡ ಸಾಕ್ಷಿ.

ಭಾರತದಲ್ಲಿ ಪ್ರೇಕ್ಷಕರ ಗಲಾಟೆಯ ಮಾತು ಬಂದಾಗೆಲ್ಲ ಎದುರಿಗೆ ನಿಲ್ಲುವುದು ಈಡನ್ ಗಾರ್ಡನ್ಸ್. 1996ರ ಮಾರ್ಚ್ 13ರಂದು ಬಾಟಲಿ, ಬೆಂಕಿಯ ನಡುವೆ ವಿಶ್ವಕಪ್ ಸೆಮಿಫೈನಲ್ ಅನ್ನು ಶ್ರೀಲಂಕಾಕ್ಕೆ ಬಿಟ್ಟುಕೊಡಬೇಕಾಯಿತು. ಆದರೆ ಗುಂಡ್ಲುಪೇಟೆಯ ಅಭಿಮಾನಿಗೆ ಚಿನ್ನಸ್ವಾಮಿ ಕ್ರೀಡಾಂಗಣವೇ ಸುಮಾರು 200 ಕಿ.ಮೀ. ದೂರ. ಅವನ ಪಂದ್ಯ ನಡೆಯುವುದು ಟಿವಿಯಲ್ಲಿ, ಮೊಬೈಲಿನಲ್ಲಿ. ಸೋಲು ಬಂದೆರಗುವಾಗ ಅವನ ಸುತ್ತ ಇರುವವರು ಮನೆಯವರು.

ಇತ್ತೀಚಿನ ಸಂಶೋಧನೆಯೂ ಅಲ್ಲಿಗೇ ಬಂದಿದೆ. ಗೆಲ್ಲುತ್ತದೆಂದು ನಂಬಿದ್ದ ತಂಡ ಸೋತ ದಿನ ಅಮೆರಿಕದಲ್ಲಿ ಗಂಡಸರು ಮನೆಯೊಳಗೆ ಹೆಂಡತಿ, ಸಂಗಾತಿಯರ ಮೇಲೆ ಕೈಮಾಡಿದ ಪ್ರಕರಣ ಶೇ 10ರಷ್ಟು ಹೆಚ್ಚಿದ್ದನ್ನು ಕಾರ್ಡ್ ಮತ್ತು ಡಾಲ್ 2011ರಲ್ಲಿ ಲೆಕ್ಕಹಾಕಿದರು. ಲ್ಯಾಂಕಾಶೈರ್‌ನಲ್ಲಿ ವಿಶ್ವಕಪ್ ಪಂದ್ಯಗಳ ಅಧ್ಯಯನ ನಡೆದಾಗ, ಇಂಗ್ಲೆಂಡ್ ಸೋತ ದಿನ ದೂರುಗಳು ಶೇ 38ರಷ್ಟು, ಗೆದ್ದ ಅಥವಾ ಡ್ರಾ ಆದ ದಿನವೂ ಶೇ 26ರಷ್ಟು ಏರಿದ್ದವು. ಸೋಲೊಂದೇ ಕಾರಣವಲ್ಲ, ಕುಡಿತವೂ ಸೇರಿದೆ ಎಂದು ನಂತರದ ಅಧ್ಯಯನಗಳು ಹೇಳಿವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಈ ಅಂಕಿಯನ್ನು ಕ್ರಿಕೆಟ್ಟಿಗೆ ಗಂಟುಹಾಕುವುದು ತಪ್ಪಾಗುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಚಾಮರಾಜನಗರ, ಗುಂಡ್ಲುಪೇಟೆಗಳಿಂದ 112ಕ್ಕೆ ಹೋಗುವ ಕರೆಗಳನ್ನು ಐಪಿಎಲ್ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಲು ದೊಡ್ಡ ಪ್ರಯೋಗಾಲಯವೇನೂ ಬೇಡ. ಜಿಲ್ಲೆಯ ಪೊಲೀಸರೂ ಕಾಲೇಜುಗಳ ಸಮಾಜಶಾಸ್ತ್ರ ವಿಭಾಗಗಳೂ ಒಟ್ಟಿಗೆ ಕೂತರೆ ಒಂದು ಋತುವಿನಲ್ಲಿ ಆಗುವ ಕೆಲಸ.