ಪೋಲ್ ಪ್ಲಾಂಸೋ (1851–1914)

ಫ್ರಾನ್ಸಿನ ಆರ್ಡೆನ್ ಸೀಮೆಯ ಫ್ಯುಮೇ ಊರಿನವರು. ಒಪೆರಾದಲ್ಲಿ ‘ಬಾಸ್’ ಎಂದರೆ ಗಂಡುದನಿಗಳಲ್ಲೆಲ್ಲ ತೀರ ತಗ್ಗಿನದು. ಪ್ಲಾಂಸೋ ಅವರದು ಅದೇ. 1877ರಲ್ಲಿ ಲಿಯಾನ್ ನಗರದಲ್ಲಿ ರಂಗವೇರಿದರು. 1883ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಗುನೊ ರಚಿಸಿದ ‘ಫೌಸ್ಟ್’ನ ಸೈತಾನ ಮೆಫಿಸ್ಟೊಫಿಲಿಸ್ ಆಗಿ ಹಾಡಿದರು, ಆ ಪಾತ್ರ ಅವರ ಹೆಸರಿಗೇ ಅಂಟಿಕೊಂಡಿತು. ಮುಂದೆ ಲಂಡನ್, 1893ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ.

ಮಂದ್ರದ ಕಂಠ ಭಾರವಾಗಿಯೇ ನಡೆಯಬೇಕು ಎನ್ನುವವರು ಆಂಬ್ರುವಾಸ್ ತೊಮಾ ಅವರ ‘ಲ ಕಾಯಿದ್’ ಒಪೆರಾದಿಂದ ಇವರು ಹಾಡಿದ ಧ್ವನಿಮುದ್ರಿಕೆಯನ್ನು ಕೇಳಬೇಕು. ಅಕ್ಕಪಕ್ಕದ ಎರಡು ಸ್ವರಗಳ ನಡುವೆ ದನಿ ಬಿರುಸಾಗಿ ಕಂಪಿಸುವ ‘ಟ್ರಿಲ್’ ಅಲ್ಲಿ ಎಷ್ಟು ನಿಚ್ಚಳ! ಆಗ ಮೈಕ್ ಇರಲಿಲ್ಲ. ಕಹಳೆಯಂಥ ಕೊಳವೆಯ ಬಾಯಿಗೆ ಹಾಡಿದ್ದು. ತಟ್ಟೆಯ ಗರಗರ ಸದ್ದಿನ ನಡುವೆಯೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ.