ನೂಕುವ ಯಂತ್ರ, ಅಳೆಯುವ ಯಂತ್ರ

ಬಲದ ಪಾಠ ಮಾಡುವಾಗ ನಾನು ಹಗ್ಗಜಗ್ಗಾಟದ ಉದಾಹರಣೆ ಕೊಡುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಎಳೆಯುವುದರ ಜೊತೆಗೆ ನೂಕುವ ಉದಾಹರಣೆಯೊಂದನ್ನೂ ಕೊಡಬೇಕಾಗಿತ್ತೆಂದು ಈಗ ಅನ್ನಿಸುತ್ತದೆ. ಅದು ರಗ್ಬಿ ಆಟದ ಸ್ಕ್ರಮ್.

ರಗ್ಬಿ ಯೂನಿಯನ್ ಆಟದಲ್ಲಿ ಸಣ್ಣಪುಟ್ಟ ತಪ್ಪಾಗಿ ಆಟ ನಿಂತರೆ, ಅದನ್ನು ಮತ್ತೆ ಆರಂಭಿಸುವ ಕ್ರಮವೇ ಸ್ಕ್ರಮ್. ಎರಡೂ ತಂಡಗಳಿಂದ ಎಂಟೆಂಟು ಮಂದಿ ಒಬ್ಬರನ್ನೊಬ್ಬರು ತಬ್ಬಿ ಹಿಡಿದು, ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ನೂಕುತ್ತಾರೆ. ನಡುವೆ ಉರುಳಿಬಿಟ್ಟ ಚೆಂಡನ್ನು ಕಾಲಿನಿಂದ ಹಿಂದಕ್ಕೆ ಸೆಳೆದುಕೊಳ್ಳಬೇಕು. ಮುಂದಿನ ಸಾಲಿನ ಮೂವರ ಮೇಲೆ ಎದುರಾಳಿಗಳ ಒತ್ತಡವೂ ತಮ್ಮವರ ನೂಕುಬಲವೂ ಒಟ್ಟಿಗೆ ಬೀಳುತ್ತವೆ. ಸ್ಕ್ರಮ್ ಕುಸಿದಾಗ ಕುತ್ತಿಗೆ ಮಡಚಿ ಬೆನ್ನುಹುರಿಗೆ ಪೆಟ್ಟಾದರೆ ತರುಣನೊಬ್ಬ ಜೀವಮಾನವಿಡೀ ಗಾಲಿಕುರ್ಚಿಗೆ ಸೀಮಿತನಾಗಬಹುದು.

ಇದರ ಅಭ್ಯಾಸಕ್ಕಾಗಿ ಬಂದದ್ದು ಸ್ಕ್ರಮ್ ಯಂತ್ರ. ಹೆಗಲು ಕೊಡಲು ಮುಂಭಾಗದಲ್ಲಿ ಮೆತ್ತೆಗಳಿರುವ ಒಂದು ಭಾರವಾದ ಚೌಕಟ್ಟು. ಎಂಟು ಮಂದಿ ಸೇರಿ ಅದನ್ನು ನೂಕಬೇಕು. ಎದುರಾಳಿಯಿಲ್ಲದೆಯೇ ಒಗ್ಗಟ್ಟಿನಿಂದ ನೂಕುವುದನ್ನು ಅದು ಕಲಿಸಿತು. ಆದರೆ ಎಷ್ಟು ಬಲದಿಂದ ನೂಕಿದರೆಂಬುದನ್ನು ಹೇಳಲು ಅದಕ್ಕೆ ಬಾಯಿರಲಿಲ್ಲ. ಬಲಮಾಪಕಗಳನ್ನು ಅಳವಡಿಸಿದ ಬಳಿಕ ಅದಕ್ಕೆ ಬಾಯಿ ಬಂತು. ಪೀಟರ್ ಮಿಲ್‌ಬರ್ನ್ ಎಂಬ ಸಂಶೋಧಕರು ಅಂತಹ ಯಂತ್ರದಿಂದ ಅಳೆದ ಬಲಗಳ ವಿವರವನ್ನು 1990ರಲ್ಲಿ ಪ್ರಕಟಿಸಿದರು.

ಸರಿಯಾದ ಶಿಕ್ಷಣದಿಂದ ಅಪಾಯ ತಗ್ಗುತ್ತದೆಂಬುದಕ್ಕೆ ನ್ಯೂಜಿಲೆಂಡ್ ಸಾಕ್ಷಿ ಒದಗಿಸಿತು. ಅಲ್ಲಿ 2001ರಲ್ಲಿ ತರಬೇತುದಾರರಿಗೂ ತೀರ್ಪುಗಾರರಿಗೂ ಸುರಕ್ಷತಾ ಶಿಕ್ಷಣ ಕಡ್ಡಾಯವಾಯಿತು. ಹಿಂದಿನ ಲೆಕ್ಕದಂತೆ 2001ರಿಂದ 2005ರವರೆಗೆ ಸ್ಕ್ರಮ್‌ನಿಂದ ಒಂಬತ್ತು ಗಂಭೀರ ಬೆನ್ನುಹುರಿ ಗಾಯಗಳನ್ನು ನಿರೀಕ್ಷಿಸಬಹುದಿತ್ತು. ಆದದ್ದು ಒಂದೇ ಒಂದು.

ಆದರೂ ಎರಡು ಗುಂಪುಗಳು ದೂರದಿಂದ ಬಂದು ಡಿಕ್ಕಿ ಹೊಡೆಯುವ ಕ್ಷಣ ಉಳಿದೇ ಇತ್ತು. ಅಂತರರಾಷ್ಟ್ರೀಯ ರಗ್ಬಿ ಮಂಡಳಿಯ ನೆರವಿನಿಂದ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಅದನ್ನೇ ಅಳೆಯಲು ಹೊರಟರು. ಮಾಪಕಗಳಿದ್ದ ಯಂತ್ರವನ್ನು ಮೈದಾನಕ್ಕೇ ಒಯ್ದು, ಆರು ಹಂತಗಳ 34 ತಂಡಗಳಿಂದ ನೂಕಿಸಿದರು. ಡಿಕ್ಕಿಯ ಕ್ಷಣದ ಗರಿಷ್ಠ ಬಲ ಮಹಿಳಾ ತಂಡಗಳಲ್ಲಿ 8.7 ಕಿಲೋನ್ಯೂಟನ್, ಅಗ್ರಶ್ರೇಣಿಯ ಪುರುಷರಲ್ಲಿ 16.5 ಕಿಲೋನ್ಯೂಟನ್. ಎರಡನೆಯದು ಸುಮಾರು 1,680 ಕಿಲೋಗ್ರಾಂ ವಸ್ತುವಿನ ತೂಕಕ್ಕೆ ಸಮ! ಡಿಕ್ಕಿಯ ನಂತರ ಸತತವಾಗಿ ನೂಕುವಾಗಿನ ಬಲ ಇದರ ಅರ್ಧದಷ್ಟು ಮಾತ್ರ. ಎಂದರೆ, ಹೆಚ್ಚಿನ ಹೊರೆ ಬೀಳುತ್ತಿದ್ದುದು ನೂಕುವಾಗಲ್ಲ, ಬಡಿಯುವಾಗ.

ಯಂತ್ರ ನಿಜವಾದ ಎದುರಾಳಿಯಲ್ಲ. ಅದು ಮನುಷ್ಯರಂತೆ ಜಾರುವುದಿಲ್ಲ, ಕುಸಿಯುವುದಿಲ್ಲ. ಆದ್ದರಿಂದ ಅವರು ಆಟಗಾರರ ಹೆಗಲಿಗೆ ಒತ್ತಡಮಾಪಕಗಳನ್ನು ಅಂಟಿಸಿ ನಿಜವಾದ ಸ್ಕ್ರಮ್‌ಗಳನ್ನೂ ಪರೀಕ್ಷಿಸಿದರು. ಮುಂದಿನ ಸಾಲಿನ ಬದಿಯವರು ಎದುರಾಳಿಯ ಅಂಗಿಯನ್ನು ಮೊದಲೇ ಹಿಡಿದುಕೊಂಡರೆ ನಡುವಿನ ಅಂತರವೂ ವೇಗವೂ ಕಡಿಮೆಯಾಗಿ, ಡಿಕ್ಕಿಯ ಬಲ ಸುಮಾರು ಶೇಕಡ 25ರಷ್ಟು ತಗ್ಗುವುದೆಂದು ತಿಳಿದುಬಂತು. 2013ರಲ್ಲಿ ತೀರ್ಪುಗಾರರ ಆದೇಶವೇ ಬದಲಾಯಿತು: ಬಾಗಿ, ಹಿಡಿಯಿರಿ, ಕೂಡಿ.

ಸಂವೇಗದ ಪಾಠವನ್ನು ನೆನಪಿಸಿಕೊಳ್ಳಿ. ವೇಗ ತಗ್ಗಿದರೆ ಸಂವೇಗ ತಗ್ಗುತ್ತದೆ. ಅದರೊಡನೆ ಪೆಟ್ಟೂ ತಗ್ಗುತ್ತದೆ. ಕಪ್ಪುಹಲಗೆಯ ಮೇಲೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಈ ಮಾತು ಮೈದಾನದ ನಿಯಮವಾಗಲು ಇಷ್ಟು ಕಾಲ ಹಿಡಿಯಿತು. ಇನ್ನಷ್ಟು ಜೋರಾಗಿ ನೂಕುವುದನ್ನು ಕಲಿಸಲೆಂದು ಹುಟ್ಟಿದ ಯಂತ್ರವೇ ಕೊನೆಗೆ ಮೆಲ್ಲಗೆ ಕೂಡಿಕೊಳ್ಳಿರೆಂದು ಬುದ್ಧಿ ಹೇಳಿತು. ಧೈರ್ಯದ ಆಟದಲ್ಲಿ ಅಳತೆಗೇನು ಕೆಲಸವೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಕುತ್ತಿಗೆ ಒಂದೇ ಇರುವುದು.